ಮುಂದಿನ ತಿಂಗಳು ಯಾರು ಬರ್ತಾರೆ? ಮನೆಯಲ್ಲೇ ಮನೋರೋಗದ ಆರೈಕೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ನನ್ನ ತಮ್ಮನಿಗೆ ಮನಸ್ಸಿನ ಕಾಯಿಲೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲ ಕೆಟ್ಟದ್ದು ಎರಡನೇ ತಿಂಗಳು. ಮೊದಲನೇ ತಿಂಗಳು ಎಲ್ಲರೂ ಇದ್ದರು. ಕಾಕಾ ಜೀಪು ಕೊಟ್ಟ, ಮಾಮಾ ಆಸ್ಪತ್ರೆಯಲ್ಲಿ ಜೊತೆಗೆ ಕೂತ, ಓಣಿಯವರು ರೊಟ್ಟಿ ಕಟ್ಟಿ ಕೊಟ್ಟರು. ತಮ್ಮ ನಿದ್ದೆ ಮಾಡತೊಡಗಿದ. ಗೋಡೆಯ ಜೊತೆ ಮಾತಾಡುವುದು ನಿಂತಿತು. ಅಷ್ಟರಲ್ಲಿ ತೊಗರಿ ರಾಶಿ ಬಂತು. ರಾಶಿಯ ನಡುವೆಯೇ ಗುಳಿಗೆ ಮುಗಿಯಿತು. ಜೇವರ್ಗಿ ತಾಲೂಕಿನ ನಮ್ಮೂರಿಂದ ಕಲಬುರಗಿಗೆ ಹೋಗಿ, ಚೀಟಿ ಮಾಡಿಸಿ, ಡಾಕ್ಟರನ್ನು ಕಂಡು ಬರಲು ಇಡೀ ದಿನ ಬೇಕು. ಅಪ್ಪ ಅಂದ: "ಈಗ ಛಲೋ ಅದಾನಲ್ಲ, ಇನ್ಯಾಕ ಗುಳಿಗಿ? ರಾಶಿ ಮುಗೀಲಿ, ಹೋದರಾಯ್ತು." ರಾಶಿ ಮುಗಿಯುವ ಹೊತ್ತಿಗೆ ತಮ್ಮ ಮತ್ತೆ ರಾತ್ರಿಯಿಡೀ ಅಂಗಳದಲ್ಲಿ ತಿರುಗುತ್ತಿದ್ದ.

ಅದಾಗಿ 11 ವರ್ಷ. ತಮ್ಮನಿಗೆ ಇರುವುದು ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ. ಈಗ ಅವನು ಎಮ್ಮೆ ನೋಡಿಕೊಳ್ಳುತ್ತಾನೆ, ಸಂತೆಗೆ ಹೋಗಿ ಬರುತ್ತಾನೆ. ಈ ನಡುವೆ ನಾವು ಸರ್ಕಾರಿ ದಾರಿ ಹಿಡಿದೆವು, ಖಾಸಗಿ ದಾರಿ ಹಿಡಿದೆವು, ಫೋನ್ ಮಾಡಿದೆವು, ಸಂಬಳ ಕೊಟ್ಟು ಆಳು ಇಟ್ಟೆವು, ಎರಡು ಸಲ ಆಸ್ಪತ್ರೆಗೂ ಸೇರಿಸಿದೆವು. ಈಗ ಯಾರಾದರೂ ಫೋನ್ ಮಾಡಿ, "ಅಕ್ಕಾ, ನಮ್ ಹುಡುಗನ್ನ ಮನ್ಯಾಗೇ ಇಟ್ಕೊಂಡು ತೋರಸಬೇಕಂತೀವಿ, ಯಾವ್ದು ಛಲೋ?" ಅಂತ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಮುಂದಿನ ತಿಂಗಳು ನಿಮ್ಮ ಮನೆಗೆ ಯಾರು ಬರ್ತಾರೆ?

ಡಾಕ್ಟರು ಎಷ್ಟು ಹೆಸರುವಾಸಿ, ಆಸ್ಪತ್ರೆ ಎಷ್ಟು ದೊಡ್ಡದು ಅನ್ನುವುದೆಲ್ಲ ಆಮೇಲಿನ ಮಾತು. ಇವು ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳು. ಬಿಪಿ, ಸಕ್ಕರೆ ಕಾಯಿಲೆ ಇದ್ದ ಹಾಗೆ. ಮೂವತ್ತನೇ ದಿನ ಗುಳಿಗೆ ಯಾರು ತರ್ತಾರೆ, ನಲವತ್ತನೇ ದಿನ ಯಾರು ಬಂದು "ನಿದ್ದಿ ಹ್ಯಾಂಗ ಅದ?" ಅಂತ ಕೇಳ್ತಾರೆ, ಅದರ ಮೇಲೆ ಎಲ್ಲ ನಿಂತಿದೆ. ಕೆಳಗಿನ ಒಂದೊಂದು ದಾರಿಯನ್ನೂ ನಾನು ಇದೇ ಪ್ರಶ್ನೆ ಇಟ್ಟುಕೊಂಡು ಅಳೆದಿದ್ದೇನೆ.

ಮನೆಯಲ್ಲಿ ವಾಸಿ ಆಗುತ್ತಾ?

ಇದು ಎಲ್ಲರ ಮೊದಲ ಅನುಮಾನ. ಮನೆಯಲ್ಲೇ ಸುಧಾರಿಸಬಹುದು, ಆದರೆ ಯಾರಾದರೂ ಮತ್ತೆ ಮತ್ತೆ ಬರುತ್ತಿದ್ದರೆ. 1980ರ ದಶಕದ ಆರಂಭದಲ್ಲೇ ಬೆಂಗಳೂರಿನಲ್ಲಿ ಪೈ ಮತ್ತು ಕಪೂರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಹೋಲಿಸಿ ನೋಡಿದ್ದರು. ಸ್ಕಿಜೋಫ್ರೇನಿಯಾ ಇದ್ದ ಕೆಲವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಇನ್ನು ಕೆಲವರು ಮನೆಯಲ್ಲೇ ಉಳಿದರು, ತರಬೇತಿ ಪಡೆದ ನರ್ಸ್ ಒಬ್ಬರು ಅವರ ಮನೆಗೇ ಹೋಗಿ ಬರುತ್ತಿದ್ದರು. ಮನೆಯಲ್ಲಿದ್ದವರೇ ಹೆಚ್ಚು ಸುಧಾರಿಸಿದರು, ಮನೆಯವರ ಹೊರೆಯೂ ಕಡಿಮೆ ಆಯಿತು, ಖರ್ಚೂ ಕಡಿಮೆ ಬಂತು. ಆಮೇಲೆ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲೂಕುಗಳಲ್ಲಿ ಊರೂರಿಗೆ ಹೋಗಿ ಚಿಕಿತ್ಸೆ ಸಿಗದವರನ್ನು ಹುಡುಕಿದರು, ವರ್ಷಗಟ್ಟಲೆ ಅವರ ಬೆನ್ನು ಹತ್ತಿ ಗುಳಿಗೆ ಮುಂದುವರಿಸಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೀಜ ಬಿದ್ದದ್ದು ಕೂಡ ನಮ್ಮ ಬಳ್ಳಾರಿಯಲ್ಲಿ. 1985ರಿಂದ ಅಲ್ಲಿ ಪ್ರಯೋಗ ನಡೆಯಿತು, 1996ರಲ್ಲಿ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು. ಹಾಗಾಗಿ ಇದು ಬೆಂಗಳೂರಿನವರಿಗೆ ಮಾತ್ರ ಆಗುವ ಕೆಲಸ ಅಂತ ಯಾರೂ ಅಂದುಕೊಳ್ಳಬೇಡಿ.

ಆದರೆ ಕೆಲವು ಹೊತ್ತಿನಲ್ಲಿ ಮನೆ ಸಾಲುವುದಿಲ್ಲ. ಅನ್ನ ನೀರು ಪೂರ್ತಿ ಬಿಟ್ಟಿದ್ದಾರೆ. ಸಾಯುವ ಮಾತಾಡುತ್ತಿದ್ದಾರೆ, ಅಥವಾ ಅದಕ್ಕೆ ಏನೋ ತಯಾರಿ ಮಾಡಿಕೊಂಡ ಹಾಗೆ ಕಾಣುತ್ತಿದೆ. ಮನೆಯವರ ಮೇಲೆ ಕೈ ಮಾಡುತ್ತಿದ್ದಾರೆ. ಮನೋರೋಗದ ಗುಳಿಗೆ ನುಂಗುತ್ತಿರುವವರಿಗೆ ಜೋರು ಜ್ವರ ಬಂದು ಮೈಯೆಲ್ಲ ಸೆಟೆದುಕೊಂಡಿದೆ. ಇಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ, ಹೊಡೆದಾಟ ಇದ್ದರೆ 112ಕ್ಕೂ ಮಾಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮನೆಗೆ ಬಂದ ಮೇಲೆ ಮನೆಯ ಆರೈಕೆ ಶುರು ಮಾಡಬಹುದು.

ಇನ್ನೊಂದು ಮಾತು. ನೀವು ಯಾವ ದಾರಿಯನ್ನೇ ಹಿಡಿಯಿರಿ, ಹೊಲಕ್ಕೆ ಹೊಡೆಯುವ ಎಣ್ಣಿಯನ್ನು ಇವತ್ತೇ ಮನೆಯಿಂದ ಆಚೆ ಹಾಕಿ. ನಮ್ಮ ಕಡೆ ಹತ್ತಿ, ತೊಗರಿ ಬೆಳೆಯುವ ಪ್ರತಿ ಮನೆಯಲ್ಲೂ ಡಬ್ಬಿ ಇರುತ್ತದೆ, ಹೆಚ್ಚಾಗಿ ಪಡಸಾಲೆಯ ಮೂಲೆಯಲ್ಲೇ. ಬೀಗ ಇರುವ ಜಾಗಕ್ಕೆ ಒಯ್ಯಿರಿ. ಗುಳಿಗೆಯ ಡಬ್ಬಿಯೂ ಒಬ್ಬರ ಕೈಯಲ್ಲಿರಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಒಂದು ಜೀವ ಉಳಿಸಬಲ್ಲ ಕೆಲಸ ಇದು.

ಸರ್ಕಾರಿ ದಾರಿ

ನನ್ನನ್ನು ಕೇಳಿದರೆ ಹಳ್ಳಿಯ ಮನೆಗೆ ಇದೇ ಬುನಾದಿ. ಬೇರೆ ಯಾವುದನ್ನು ಮಾಡಿದರೂ ಇದರ ಮೇಲೆ ಮಾಡಿ, ಇದನ್ನು ಬಿಟ್ಟು ಮಾಡಬೇಡಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಒಂದು ತಂಡಕ್ಕೆ ವ್ಯವಸ್ಥೆ ಇದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಅದರಲ್ಲಿ ಇರಬೇಕು. ಎಲ್ಲ ಹುದ್ದೆಗಳೂ ಯಾವಾಗಲೂ ತುಂಬಿರುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ "ಈಗ ಯಾರ್ ಯಾರ್ ಇದ್ದೀರಿ?" ಅಂತ ಕೇಳಿಬಿಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಹೀಗೆ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಾರ್ಖಾನೆ ಕೆಲಸದವರಿಗೆ ಇಎಸ್‌ಐ ಕಾರ್ಡ್ ಇದ್ದರೆ ಕಲಬುರಗಿಯ ಇಎಸ್‌ಐಸಿ ವೈದ್ಯಕೀಯ ಕಾಲೇಜೂ ಇದೆ.

ಆದರೆ ತಿಂಗಳು ತಿಂಗಳು ಜಿಲ್ಲಾ ಕೇಂದ್ರಕ್ಕೆ ಹೋಗುವುದು ಚಿಂಚೋಳಿಯ ತಾಂಡಾದವರಿಗೋ ಔರಾದ್ ಗಡಿಯವರಿಗೋ ಆಗುವ ಮಾತಲ್ಲ. ಅಲ್ಲಿ ಮನೋಚೈತನ್ಯ ಕೆಲಸಕ್ಕೆ ಬರುತ್ತದೆ. ರಾಜ್ಯ ಸರ್ಕಾರ ಶುರು ಮಾಡಿದ ಈ ಕಾರ್ಯಕ್ರಮದಲ್ಲಿ ಗೊತ್ತಾದ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲಿ ಕೇಳಿ, ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಗುಳಿಗೆ ಪುಕ್ಕಟೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಬಡವರಿಗೆ ಸರ್ಕಾರಿ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಈ ಹಕ್ಕು ಇದೆ. ಅದೇ ಕಾಯ್ದೆ ಮನೆಯಲ್ಲೇ ಪುನಶ್ಚೇತನದ ಸೇವೆ ಕೊಡುವುದನ್ನೂ ಸರ್ಕಾರದ ಕೆಲಸದ ಪಟ್ಟಿಯಲ್ಲಿ ಸೇರಿಸಿದೆ. ನೀವು ಮನೆ ಭೇಟಿ ಕೇಳಿದರೆ ಯಾರ ಹತ್ತಿರವೂ ಉಪಕಾರ ಬೇಡಿದ ಹಾಗಲ್ಲ.

ಇನ್ನು ಮನೆ ಬಾಗಿಲಿಗೆ ಬರುವವರು. ಅದು ಹೆಚ್ಚಾಗಿ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ. ಇವರು ಗುಳಿಗೆ ಬದಲಿಸಲಾರರು, ಕಾಯಿಲೆ ಏನು ಅಂತ ಹೇಳಲಾರರು. ಆದರೆ ಗುಳಿಗೆ ನಿಂತದ್ದನ್ನು ಮೊದಲು ನೋಡುವವರು ಇವರೇ. ಉಪಕೇಂದ್ರದಿಂದ ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರ ಜೊತೆ ಮಾತಾಡಿಸಬಲ್ಲವರೂ ಇವರೇ. ನಮ್ಮೂರ ಆಶಾ ಅಕ್ಕ ಒಂದು ಸಾವಿರ ಜನರನ್ನು ನೋಡಬೇಕು. ಬಾಣಂತಿಯರು, ಲಸಿಕೆ, ಸರ್ವೆ ಎಲ್ಲ ಅವರ ತಲೆ ಮೇಲಿದೆ. ಅವರನ್ನು ಕಾಯುತ್ತಾ ಕೂತರೆ ಆಗಲ್ಲ. ನಾನು ಏನು ಮಾಡಿದೆ ಅಂದರೆ, ಗುಳಿಗೆ ಮುಗಿಯುವ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಅವರ ರಿಜಿಸ್ಟರ್‌ಗೇ ಅಂಟಿಸಿದೆ. ಅವರು ಸಿಟ್ಟಾಗಲಿಲ್ಲ. "ಹಿಂಗ್ ಬರದು ಕೊಟ್ರ ನನಗೂ ನೆನಪಿರ್ತದ ನೋಡವ್ವಾ" ಅಂದರು.

ಮನೆಗೆ ಬರುವ ಸೇವೆಯ ಬಗ್ಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಷ್ಟ ಇದೆ. ಊರಿಗೆ ಕಾಣುತ್ತದೆ. ಬಾಗಿಲ ಮುಂದೆ ಇಲಾಖೆಯ ಬೋರ್ಡು ಹಾಕಿದ ಜೀಪು ನಿಂತರೆ ಸಂಜೆಯೊಳಗೆ ಇಡೀ ಊರಿಗೆ ಸುದ್ದಿ. ನನ್ನ ತಂಗಿಗೆ ವರ ನೋಡುತ್ತಿದ್ದ ವರ್ಷ ಅವ್ವ ನರ್ಸ್ ಬರುವುದೇ ಬೇಡ ಅಂದಳು. ಅವಳನ್ನು ನಾನು ಬೈಯಲಾರೆ. ಈ ಭಯ ಸುಳ್ಳಲ್ಲ, ಎಷ್ಟೋ ಮನೆಗಳಲ್ಲಿ ಇದೇ ಭಯಕ್ಕೆ ಚಿಕಿತ್ಸೆ ನಿಂತಿದೆ. ನಾವು ಕಂಡುಕೊಂಡ ದಾರಿ ಸಣ್ಣದು. ಜೀಪು ಅಗಸಿಯ ಹತ್ತಿರವೇ ನಿಲ್ಲಲಿ, ನರ್ಸ್ ನಡೆದು ಬರಲಿ ಅಂತ ಕೇಳಿಕೊಂಡೆವು. ಬಂದವರು ಅಪ್ಪನ ಬಿಪಿ, ಅವ್ವನ ಸಕ್ಕರೆ ನೋಡಿ, ಆಮೇಲೆ ತಮ್ಮನ ಜೊತೆ ಕೂರುತ್ತಿದ್ದರು. ಆಶಾ ಅಕ್ಕ ಹೇಗೂ ಎಲ್ಲರ ಮನೆಗೆ ಹೋಗುವವರು, ಅವರು ಬಂದರೆ ಯಾರೂ ತಿರುಗಿ ನೋಡಲ್ಲ. ಇಷ್ಟರ ಮೇಲೂ ಮನಸ್ಸು ಒಪ್ಪದಿದ್ದರೆ ಪಕ್ಕದ ತಾಲೂಕಿನ ಮಂಗಳವಾರಕ್ಕೆ ಹೋಗಿ. ದೂರ ಆಗುತ್ತದೆ ನಿಜ. ಆದರೆ ಪೂರ್ತಿ ಬಿಡುವುದಕ್ಕಿಂತ ಅದು ಮೇಲು.

14416ಕ್ಕೆ ಫೋನ್

ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾದದ್ದು 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು. ನಂಬರು 14416, ಇಲ್ಲವೇ 1800-891-4416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ಜಿಲ್ಲೆಯ ತಂಡಕ್ಕೂ ದಾರಿ ತೋರಿಸುತ್ತಾರೆ.

ಯಾರಿಗೆ ಇದು ಒಳ್ಳೆಯದು? ಮನಸ್ಸು ಭಾರ ಆಗಿದೆ, ನಿದ್ದೆ ಇಲ್ಲ, ಪರೀಕ್ಷೆಯ ಭಯ, ಗಂಡನ ಕುಡಿತದಿಂದ ಸಾಕಾಗಿದೆ ಅನ್ನುವವರಿಗೆ. ಬೆಂಗಳೂರಿಗೋ ಪುಣೆಗೋ ಗುಳೆ ಹೋದವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ, ಊರು ಬದಲಾದರೂ ನಂಬರು ಅದೇ. ಆರೈಕೆ ಮಾಡುವ ನಮ್ಮಂಥವರಿಗೂ ಒಳ್ಳೆಯದು. ಒಂದು ಸಲ ರಾತ್ರಿ ಎರಡು ಗಂಟೆಗೆ ತಮ್ಮ ಬಾಗಿಲು ಹಾಕಿಕೊಂಡಿದ್ದ. ನಾನು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು "ಜೋರಾಗಿ ಬಾಗಿಲು ಬಡೀಬೇಡಿ, ಮೆಲ್ಲಗೆ ಹೆಸರು ಹಿಡಿದು ಕರೀರಿ, ಇಲ್ಲೇ ಕೂತಿದೀನಿ ಅಂತ ಹೇಳಿ" ಅಂದರು. ಬೆಳಗಿನ ಜಾವ ಅವನೇ ಬಾಗಿಲು ತೆಗೆದ.

ಭಾಷೆಯ ವಿಷಯಕ್ಕೆ ಬಂದರೆ ಸುಮಾರು 20 ಭಾಷೆಗಳಲ್ಲಿ ಸೇವೆ ಇದೆ. ಆಳಂದ, ಬಸವಕಲ್ಯಾಣದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಎಲ್ಲ ಕಡೆಯೂ ದಖನಿ ಉರ್ದು ಮಾತಾಡುವ ಮನೆಗಳಿವೆ ಅಲ್ವಾ? ಮನಸ್ಸಿನ ಮಾತು ಮನೆಮಾತಿನಲ್ಲೇ ಬರುವುದು. ನಾಚಿಕೊಳ್ಳದೆ ನಿಮ್ಮ ಭಾಷೆ ಕೇಳಿ. ನಮ್ಮ ಕಲಬುರಗಿ ಕನ್ನಡ ಅರ್ಥವಾಗದಿದ್ದರೆ "ನಿಧಾನ ಹೇಳ್ತೀನ್ರಿ, ಕೇಳ್ರಿ" ಅಂತ ಹೇಳಿ.

ಆದರೆ ಮೇಲಿನ ಪ್ರಶ್ನೆಗೆ ಫೋನಿನ ಉತ್ತರ ಅರ್ಧ ಮಾತ್ರ. ಫೋನು ತಾನಾಗಿ ಬಂದು ಗುಳಿಗೆಯ ಡಬ್ಬಿ ಎಣಿಸುವುದಿಲ್ಲ. ಕಾಯಿಲೆ ಇದ್ದವರೇ "ನನಗೇನೂ ಆಗಿಲ್ಲ" ಅಂತಿದ್ದರೆ ಫೋನ್ ಒಂದರಿಂದಲೇ ಆಗುವುದಿಲ್ಲ.

ಖಾಸಗಿ ಡಾಕ್ಟರು

ಕಲಬುರಗಿ ನಗರದಲ್ಲಿ ಖಾಸಗಿ ಮನೋವೈದ್ಯರಿದ್ದಾರೆ. ಬೀದರ್‌ನವರು ಹೈದರಾಬಾದಿಗೆ, ಆಳಂದದವರು ಸೊಲ್ಲಾಪುರಕ್ಕೆ ಹೋಗುವುದೂ ವಾಡಿಕೆ. ಇಲ್ಲಿ ಸಿಗುವ ಲಾಭ ಎಂದರೆ ಪ್ರತಿ ಸಲವೂ ಅದೇ ಡಾಕ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಬದಲಾಗುತ್ತಿರುತ್ತಾರೆ, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು. ಕೆಲವರು ನಗರದೊಳಗೆ ಮನೆಗೂ ಬರುತ್ತಾರೆ, ಆದರೆ ಹಳ್ಳಿಗೆ ಬರುವವರನ್ನು ನಾನು ಕಂಡಿಲ್ಲ. 2020ರಲ್ಲಿ ಟೆಲಿಮೆಡಿಸಿನ್ ನಿಯಮ ಬಂದ ಮೇಲೆ ವಿಡಿಯೊದಲ್ಲಿ ನೋಡಿ ಚೀಟಿ ಬರೆಯುವುದು ಸಾಮಾನ್ಯ ಆಗಿದೆ. ಮೊದಲ ಸಲ ಎದುರಿಗೇ ತೋರಿಸಿ, ಆಮೇಲೆ ಎರಡು ತಿಂಗಳು ವಿಡಿಯೊ, ಮೂರನೇ ತಿಂಗಳು ಮತ್ತೆ ಎದುರಿಗೆ. ನಮಗೆ ಈ ಲೆಕ್ಕ ಹೊಂದಿತು.

ಖರ್ಚಿನ ಲೆಕ್ಕ ಹಾಕುವಾಗ ಫೀಸು ಒಂದನ್ನೇ ನೋಡಬೇಡಿ. ಬಸ್ಸು, ಇಬ್ಬರ ಕೂಲಿ, ಗುಳಿಗೆ, ರಕ್ತ ಪರೀಕ್ಷೆ ಎಲ್ಲ ಕೂಡಿಸಿ, ಅದನ್ನು 12ರಿಂದ ಗುಣಿಸಿ. ಒಂದು ವರ್ಷ ಎಳೆಯಲು ಆಗುತ್ತಾ? ಆಗಲ್ಲ ಅನ್ನಿಸಿದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಗುಳಿಗೆಯನ್ನೇ ಬರೆಯಿರಿ ಅಂತ ಕೇಳಿ. ದುಬಾರಿ ಗುಳಿಗೆ ಹಿಡಿದು ಮೂರನೇ ತಿಂಗಳು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಗುಳಿಗೆಯ ಹೆಸರು, ಕಾಯಿಲೆಯ ಹೆಸರು ಎರಡನ್ನೂ ಬರೆಸಿಕೊಳ್ಳಿ. ಒಂದು ಕಡೆ ನಮಗೆ ಚೀಟಿ ಇಲ್ಲದೆ ಬಿಡಿ ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಅಲ್ಲಿಗೆ ಹೋಗಲು ಆಗದ ದಿನ ಬೇರೆ ಯಾವ ಡಾಕ್ಟರೂ ಮುಂದುವರಿಸಲು ಆಗಲಿಲ್ಲ, ಏನು ನುಂಗುತ್ತಿದ್ದಾನೆ ಅನ್ನುವುದೇ ಗೊತ್ತಿರಲಿಲ್ಲ.

ಸಂಬಳಕ್ಕೆ ಆಳು

ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು, ಮಕ್ಕಳು ದೂರ ಇದ್ದಾಗ ಇದು ಬೇಕಾಗುತ್ತದೆ. ನಾವೂ ಒಂದು ಏಜೆನ್ಸಿಯಿಂದ ಒಬ್ಬ ಹುಡುಗನನ್ನು ಇಟ್ಟಿದ್ದೆವು. ಅವನು ಕೆಟ್ಟವನಲ್ಲ. ಮಲಗಿದ ಕಡೆಯೇ ಇರುವವರನ್ನು ನೋಡಿಕೊಂಡು ಅಭ್ಯಾಸ ಇತ್ತು, ಮನಸ್ಸಿನ ಕಾಯಿಲೆ ಏನು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ತಮ್ಮ ಗಲಾಟೆ ಮಾಡಿದ ದಿನ ಭಯ ಬಿದ್ದು ರಾತ್ರಿಯ ಗುಳಿಗೆಯನ್ನು ಎರಡು ಸಲ ಕೊಟ್ಟ. ತಮ್ಮ ಮರುದಿನ ಸಂಜೆಯವರೆಗೆ ಏಳಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ ಬೇರೆ ಹುಡುಗನನ್ನು ಕಳಿಸ್ತೀವಿ ಅಂದರು, ಅಷ್ಟೇ.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಮನೋರೋಗಿಗಳ ಜೊತೆ ಕೆಲಸ ಮಾಡಿದ್ದಾರಾ? ತೊಂದರೆ ಆದರೆ ಅವರು ಯಾವ ನರ್ಸಿಗೆ, ಯಾವ ಡಾಕ್ಟರಿಗೆ ಫೋನ್ ಮಾಡುತ್ತಾರೆ? ತಿಂಗಳು ತಿಂಗಳು ಮುಖ ಬದಲಾಗುತ್ತಾ? ಅನುಮಾನದ ಕಾಯಿಲೆ ಇದ್ದವರಿಗೆ ಹೊಸ ಮುಖ ಅಂದರೆ ಹೊಸ ಭಯ. ಹೆಣ್ಣುಮಕ್ಕಳಿಗೆ ಹೆಣ್ಣಾಳೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ಗುಳಿಗೆ ಕೊಡುವ ಕೆಲಸವನ್ನು ಮಾತ್ರ ಮನೆಯವರೇ ಇಟ್ಟುಕೊಳ್ಳಿ.

"ನಮ್ಮ ಕೇಂದ್ರದಲ್ಲೇ ಬಿಡಿ, ನಾವು ನೋಡ್ಕೋತೀವಿ" ಅನ್ನುವವರೂ ಸಿಗುತ್ತಾರೆ. ಮನೋರೋಗಿಗಳನ್ನು ಇಟ್ಟುಕೊಂಡು ಆರೈಕೆ ಮಾಡುವ ಯಾವುದೇ ಜಾಗ 2017ರ ಕಾಯ್ದೆಯಡಿ ನೋಂದಣಿ ಆಗಿರಬೇಕು. ಕಾಗದ ತೋರಿಸಿ ಅನ್ನಿ. ಯಾವಾಗ ಬೇಕಾದರೂ ಬಂದು ನೋಡಬಹುದಾ ಅಂತ ಕೇಳಿ. ಬೇಡ ಅಂದರೆ ಅಲ್ಲಿ ಬಿಡಬೇಡಿ.

ಆಸ್ಪತ್ರೆಗೆ ಸೇರಿಸುವುದು

ಇದನ್ನು ಸೋಲು ಅಂದುಕೊಳ್ಳಬೇಡಿ. ನಾವು ಮೊದಲ ಸಲ ಸೇರಿಸಿದಾಗ ಅವ್ವ ಮೂರು ದಿನ ಊಟ ಮಾಡಲಿಲ್ಲ. ಈಗಿನ ಕಾನೂನಿನಲ್ಲಿ ಸೇರಿಸುವುದು ಅಂದರೆ ಒಳಗೆ ತಳ್ಳಿ ಬರುವುದಲ್ಲ. ಕಾಯಿಲೆ ಇದ್ದವರು ತಾವೇ ಒಪ್ಪಿ ಸೇರಬಹುದು, ತಾವೇ ಹೊರಗೂ ಬರಬಹುದು. ನಿರ್ಧಾರ ಮಾಡುವ ಸ್ಥಿತಿ ಇಲ್ಲದಿದ್ದರೆ ಅವರ ಪ್ರತಿನಿಧಿ ಕೇಳಿಕೊಂಡ ಮೇಲೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಡಾಕ್ಟರು ಇಲ್ಲವೇ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ, ಮೊದಲಿಗೆ 30 ದಿನದವರೆಗೆ ಇಟ್ಟುಕೊಳ್ಳಬಹುದು. ಸರಪಳಿ ಹಾಕುವುದಕ್ಕೆ ಯಾವ ರೂಪದಲ್ಲೂ ಕಾನೂನು ಬಿಡುವುದಿಲ್ಲ. ನಮ್ಮ ಕಡೆ ದನದ ಕೊಟ್ಟಿಗೆಯಲ್ಲಿ ಕಾಲಿಗೆ ಸರಪಳಿ ಹಾಕಿದ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಯವರಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಅವರಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಸರಪಳಿ ಹಾಕುವ ಮಟ್ಟಕ್ಕೆ ಬಂದಿದೆ ಅಂದರೆ ಆಸ್ಪತ್ರೆಗೆ ಸೇರಿಸುವ ಹೊತ್ತು ಬಂದಿದೆ ಅಂತಲೇ ಅರ್ಥ.

ಬಿಡುಗಡೆ ಆಗುವ ದಿನ ಬಹಳ ಮುಖ್ಯ. ಚೀಟಿ ಕೈಗೆ ಬಂದ ಕೂಡಲೇ ಬಸ್ ಹತ್ತಬೇಡಿ. ನಮ್ಮ ತಾಲೂಕಿನಲ್ಲಿ ಇದೇ ಗುಳಿಗೆ ಸಿಗುತ್ತಾ, ಮುಂದಿನ ಭೇಟಿ ಎಂದು, ಊರಿನ ಆಶಾ ಅಕ್ಕನಿಗೆ ಯಾರು ಹೇಳುತ್ತಾರೆ ಅನ್ನುವ ಮೂರೂ ಬರೆದುಕೊಂಡು ಬನ್ನಿ.

ಹಗಲು ಹೊತ್ತು ಮಾತ್ರ ಬಿಟ್ಟು ಸಂಜೆ ಕರೆದುಕೊಂಡು ಬರುವ ಮಾನಸಧಾರಾ ಕೇಂದ್ರಗಳ ಯೋಜನೆಯೂ ರಾಜ್ಯದಲ್ಲಿದೆ. ನಿಮಗೆ ಹತ್ತಿರದ್ದು ಯಾವುದು ಅಂತ ಜಿಲ್ಲಾ ತಂಡವನ್ನು ಕೇಳಿ.

ಗಾಣಗಾಪುರಕ್ಕೆ ಹೋಗಬೇಕಾ?

ಹೋಗಿ. ನಾವೂ ಹೋಗಿದ್ದೆವು. ಭೀಮಾ ಅಮರ್ಜಾ ಸಂಗಮದಲ್ಲಿ ಸ್ನಾನ ಮಾಡಿಸಿ, ದತ್ತನ ಗುಡಿಯ ಮುಂದೆ ಕೂರಿಸಿದೆವು. ನೆರೆಮನೆಯ ಖಾಲಾ ಬಂದೇ ನವಾಜ್ ದರ್ಗಾದಿಂದ ದಾರ ತಂದು ಕಟ್ಟಿದರು. ಗಾಣಗಾಪುರದಲ್ಲಿ ನಮ್ಮ ಹಾಗೆಯೇ ಬಂದ ಎಷ್ಟೋ ಮಂದಿಯನ್ನು ನೋಡಿ ಅವ್ವನಿಗೆ ತಾನೊಬ್ಬಳೇ ಅಲ್ಲ ಅನ್ನಿಸಿತು. ಆ ಸಮಾಧಾನ ಯಾವ ಆಸ್ಪತ್ರೆಯಲ್ಲೂ ಸಿಕ್ಕಿರಲಿಲ್ಲ. ಗುಳಿಗೆಯ ಡಬ್ಬಿ ಮಾತ್ರ ಚೀಲದಲ್ಲಿರಲಿ. ಹರಕೆಯ ಐದು ಅಮವಾಸ್ಯೆ ಮುಗಿಯುವವರೆಗೆ ಗುಳಿಗೆ ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ದೇವರು ಹಾಗೆ ಕೇಳುವುದಿಲ್ಲ ಅಂತ ನಾನು ನಂಬಿದ್ದೇನೆ.

ಗುಳಿಗೆ ಯಾವುದು, ಬಿಸಿಲು ಎಷ್ಟು

ದಾರಿ ಆರಿಸುವಾಗ ಡಾಕ್ಟರು ಬರೆದ ಔಷಧಿಯನ್ನೂ ನೋಡಬೇಕು. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು.

ದಿನಾ ಗುಳಿಗೆ ನುಂಗಿಸುವುದೇ ಜಗಳ ಆಗಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿ ಇದೆ. ಫ್ಲೂಫೆನಜಿನ್ ಅನ್ನುವ ಸೂಜಿ ಬಹಳ ವರ್ಷದಿಂದ ಬಳಕೆಯಲ್ಲಿದೆ. ಡಾಕ್ಟರು ಬರೆದುಕೊಟ್ಟರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದು. ಮನೆಯ ಆರೈಕೆಗೆ ಇದು ದೊಡ್ಡ ಅನುಕೂಲ. ರಾಶಿ ಇರಲಿ, ಮದುವೆ ಇರಲಿ, ತಿಂಗಳಿಗೆ ಒಂದೆರಡು ದಿನ ನೆನಪಿಟ್ಟರೆ ಸಾಕು. ನಾವು ಮೊದಲು ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲಿ ಹಾಕುತ್ತಿದ್ದೆವು. ತಮ್ಮನಿಗೆ ಅದು ಗೊತ್ತಾದ ದಿನದಿಂದ ಮನೆಯ ಊಟವನ್ನೇ ಬಿಟ್ಟ, ಆರು ತಿಂಗಳು ಅವ್ವನ ಕೈಯ ರೊಟ್ಟಿ ಮುಟ್ಟಲಿಲ್ಲ. ನೀವು ಆ ತಪ್ಪು ಮಾಡಬೇಡಿ, ಸೂಜಿಯ ಬಗ್ಗೆ ಕೇಳಿ, ಅವರಿಗೂ ಹೇಳಿ ಒಪ್ಪಿಸಿ.

ಲಿಥಿಯಂ ಇದ್ದರೆ ಎಚ್ಚರ ಜಾಸ್ತಿ ಬೇಕು. ಮನಸ್ಸು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವ ಬೈಪೋಲಾರ್ ಕಾಯಿಲೆಗೆ ಇದು ಒಳ್ಳೆಯ ಗುಳಿಗೆ. ಆದರೆ ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಏರಿದರೂ ವಿಷ ಆಗುತ್ತದೆ. ಮೈಯಲ್ಲಿ ನೀರು ಕಡಿಮೆ ಆದರೆ ಮಟ್ಟ ಏರುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಹೊಲಕ್ಕೋ, ಕಲ್ಲಿನ ಗಣಿಗೋ ಕೆಲಸಕ್ಕೆ ಹೋಗಿ ಬೆವರು ಸುರಿಸುವವರು, ವಾಂತಿ ಭೇದಿ ಆದವರು, ರಂಜಾನ್ ರೋಜಾ ಇಡುವವರು ಮೊದಲೇ ಡಾಕ್ಟರ ಜೊತೆ ಮಾತಾಡಬೇಕು. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂಗಾಡುವುದು, ಮಾತು ತೊದಲುವುದು, ವಾಂತಿ ಕಂಡರೆ ಕೂಡಲೇ ಆಸ್ಪತ್ರೆ. ಸ್ಕಿಜೋಫ್ರೇನಿಯಾದ ಕೆಲವು ಗುಳಿಗೆಗಳು, ಅವುಗಳ ಜೊತೆ ಕೈನಡುಕಕ್ಕೆ ಕೊಡುವ ಗುಳಿಗೆ ಕೂಡ ಮೈ ಬೆವರುವುದನ್ನು ಕಡಿಮೆ ಮಾಡುತ್ತವೆ. ಬೆವರದಿದ್ದರೆ ಮೈ ತಂಪಾಗುವುದಿಲ್ಲ. ತಮ್ಮ ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊಲಕ್ಕೆ ಹೋಗುವುದಿಲ್ಲ. ಅಪ್ಪ ಮೊದಲು ಗೊಣಗುತ್ತಿದ್ದ, ಈಗ ತಾನೇ ಅವನನ್ನು ನೆರಳಿಗೆ ಕರೆಯುತ್ತಾನೆ.

ಸ್ಕಿಜೋಫ್ರೇನಿಯಾಕ್ಕೆ ಬೇರೆ ಗುಳಿಗೆಗಳಿಂದ ಆಗದಿದ್ದಾಗ ಕೊಡುವ ಕ್ಲೋಜಪಿನ್ ಬರೆದರೆ ಮೊದಲ 18 ವಾರ, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಲ್ಯಾಬ್ ಹತ್ತಿರ ಇಲ್ಲದ ಹಳ್ಳಿಯಲ್ಲಿ ಇದು ಕಷ್ಟ. ಆ ನಾಲ್ಕು ತಿಂಗಳು ಕಲಬುರಗಿಯಲ್ಲಿ ನೆಂಟರ ಮನೆಯಲ್ಲಿ ಇರಲು ಆಗುತ್ತಾ ಅಂತ ಯೋಚಿಸಿ.

ಕೆಲವರಿಗೆ ಬೇರೆ ಲೆಕ್ಕ

ಹೆರಿಗೆ ಆದ ಮೊದಲ ವಾರಗಳಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಕೂಸನ್ನು ಬೇರೆ ರೀತಿ ನೋಡತೊಡಗಿದರೆ ಅದು ಬಾಣಂತಿ ಸನ್ನಿ. ಮನೆಯಲ್ಲಿ ಕಾಯುವ ಕಾಯಿಲೆ ಅಲ್ಲ ಇದು. ಅವತ್ತೇ ಆಸ್ಪತ್ರೆ, ಕೂಸಿನ ಜೊತೆ ಯಾವಾಗಲೂ ಇನ್ನೊಬ್ಬರು ಇರಲಿ. ಬೇಗ ತೋರಿಸಿದರೆ ಚೆನ್ನಾಗಿ ವಾಸಿ ಆಗುತ್ತದೆ.

ಕುಡಿತ ಬಿಡಿಸುವುದನ್ನು ಮನೆಯಲ್ಲಿ ಒಮ್ಮೆಲೇ ಮಾಡಬೇಡಿ. ವರ್ಷಗಟ್ಟಲೆ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ತೆಲಂಗಾಣ ಗಡಿಯ ಕಡೆ ಕಲಬೆರಕೆ ಸೇಂದಿಯ ಚಟ ಇದ್ದವರಿಗೂ ಇದೇ ಮಾತು. ಮೊದಲ ವಾರ ಆಸ್ಪತ್ರೆಯಲ್ಲಿ ಕಳೆದು, ಆಮೇಲೆ ಮನೆ.

ಮರೆವಿನ ಕಾಯಿಲೆಯ ಮುದುಕರಿಗೆ ಇದರ ಉಲ್ಟಾ. ಅವರನ್ನು ಎಲ್ಲಿಗೂ ಒಯ್ಯದೆ, ಮನೆಗೇ ಯಾರಾದರೂ ಬಂದರೆ ಅದೇ ದೊಡ್ಡ ಉಪಕಾರ. ಜಾಗ ಬದಲಾದರೆ ಅವರ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ.

ಕಾಯಿಲೆ ವರ್ಷಗಟ್ಟಲೆ ಇದ್ದು ದುಡಿಯಲು ಆಗದವರಿಗೆ ಅಂಗವಿಕಲರ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಅಂಗವಿಕಲತೆ ಅಂತ ಒಪ್ಪಿದೆ. 40 ಪ್ರತಿಶತ ಇದ್ದರೆ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ ಕೊಡುತ್ತಾರೆ, ಹಳೆಯ ಚೀಟಿಗಳನ್ನು ಬಿಸಾಡಬೇಡಿ.

ನಾನಾದರೆ ಹೇಗೆ ಆರಿಸುತ್ತೇನೆ

ಹಳ್ಳಿಯ ಮನೆ, ದುಡಿಯುವ ಕೈ ಕಡಿಮೆ ಅನ್ನುವವರಾದರೆ ತಾಲೂಕಿನ ಮಂಗಳವಾರ, ಆಶಾ ಅಕ್ಕ, ಸಾಧ್ಯವಾದರೆ ತಿಂಗಳ ಸೂಜಿ, ರಾತ್ರಿಯ ಹೊತ್ತಿಗೆ 14416. ನಗರದಲ್ಲಿದ್ದು ಸ್ವಲ್ಪ ಅನುಕೂಲ ಇದ್ದರೆ ಒಬ್ಬರೇ ಖಾಸಗಿ ಡಾಕ್ಟರು, ನಡುನಡುವೆ ವಿಡಿಯೊ. ಆದರೆ ಜಿಲ್ಲಾ ಆಸ್ಪತ್ರೆಯಲ್ಲೂ ಒಂದು ಚೀಟಿ ತೆರೆದಿರಲಿ, ಕೈ ಕಟ್ಟಿದ ತಿಂಗಳು ಅಲ್ಲಿ ಗುಳಿಗೆ ಸಿಗುತ್ತದೆ. ಗುಳೆ ಹೋಗುವ ಮನೆಯಾದರೆ ಹೋಗುವ ಮುಂಚೆ ಎರಡು ತಿಂಗಳ ಗುಳಿಗೆ ಕೇಳಿ ಪಡೆಯಿರಿ, ಚೀಟಿಯ ಫೋಟೊ ಇಬ್ಬರ ಮೊಬೈಲಿನಲ್ಲಿರಲಿ.

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಒಬ್ಬರ ಹೆಸರು ಬರೆಯಿರಿ. ಹೆಚ್ಚಾಗಿ ಅದು ಅವ್ವನ ಹೆಸರೋ ಹೆಂಡತಿಯ ಹೆಸರೋ ಆಗಿರುತ್ತದೆ. ಅದರ ಕೆಳಗೆ ಇನ್ನೊಂದು ಹೆಸರು ಬೇಕು. ಮೊದಲನೆಯವರಿಗೆ ಜ್ವರ ಬಂದ ದಿನ, ತವರಿಗೆ ಹೋದ ದಿನ ಗುಳಿಗೆ ಕೊಡುವವರು ಯಾರು? ನಮ್ಮ ಮನೆಯಲ್ಲಿ ಆ ಎರಡನೇ ಹೆಸರು ಎಂಟು ವರ್ಷ ಖಾಲಿ ಇತ್ತು. ಅವ್ವ ಎಂಟು ವರ್ಷ ಒಂದು ರಾತ್ರಿಯೂ ಮನೆ ಬಿಟ್ಟು ಇರಲಿಲ್ಲ, ತನ್ನ ಅಣ್ಣ ತೀರಿಹೋದಾಗಲೂ ಸಂಜೆಯೊಳಗೆ ತಿರುಗಿ ಬಂದಳು. ಈಗ ಅಲ್ಲಿ ಅಪ್ಪನ ಹೆಸರಿದೆ. ಹೋದ ವರ್ಷ ಅವ್ವ ತವರಿನ ಜಾತ್ರೆಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಅಪ್ಪ ದಿನಾ ರಾತ್ರಿ ನನಗೆ ಫೋನ್ ಮಾಡಿ ಹೇಳುತ್ತಿದ್ದ: "ಗುಳಿಗಿ ನುಂಗ್ಯಾನ, ಮಲಗ್ಯಾನ. ನೀನೂ ಮಲಕೊ."